ಕಬ್ಬಿಣದ ಬೆಟ್ಟದ ಬುಡದಲ್ಲಿ ಕನ್ನಡಿಯ ಕಸೂತಿ

ಸಂಡೂರು ಲಂಬಾಣಿ ಕಸೂತಿ ಬಳ್ಳಾರಿ–ವಿಜಯನಗರ ಸೀಮೆಯ ತಾಂಡಾಗಳಲ್ಲಿ ತಾಯಿಯಿಂದ ಮಗಳಿಗೆ ಬಂದ ಸೂಜಿ ಕೆಲಸ. ಹರಪನಹಳ್ಳಿ, ಚಿಗಟೇರಿ ಕಡೆಯಿಂದ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿವರೆಗೆ ಈ ಮಳೆಯಾಶ್ರಿತ ನೆಲದಲ್ಲಿ ಲಂಬಾಣಿ ತಾಂಡಾಗಳಿಗೆ ಕೊರತೆಯಿಲ್ಲ. ಫೇಟಿಯಾ ಲಂಗ, ಕಾಂಚಳಿ ರವಿಕೆ ತೊಟ್ಟ ಹಿರಿಯ ಹೆಂಗಸರು ಸಂತೆಗಳಲ್ಲಿ ಈಗಲೂ ಕಾಣುತ್ತಾರೆ. ಆದರೆ ಆ ಉಡುಪಿನ ಕಲೆ ಒಂದು ಸಂಸ್ಥೆಯ ಆಸರೆ ಪಡೆದು ಹೊರಜಗತ್ತಿಗೆ ಪರಿಚಯವಾದದ್ದು ಪಕ್ಕದ ಸಂಡೂರಿನಲ್ಲಿ.

ಸಂಡೂರು ನಾಲ್ಕೂ ಕಡೆ ಬೆಟ್ಟ ಸುತ್ತುವರಿದ ಕಣಿವೆ. ಘೋರ್ಪಡೆ ಮನೆತನದ ಈ ಪುಟ್ಟ ಸಂಸ್ಥಾನ ಭಾರತದಲ್ಲಿ ವಿಲೀನವಾದದ್ದು 1949ರಲ್ಲಿ. ಕುಮಾರಸ್ವಾಮಿ ದೇವಸ್ಥಾನ, ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು ಇವೆರಡರಿಂದ ಊರಿನ ಹೆಸರು ಎಲ್ಲರಿಗೂ ಗೊತ್ತು. ಈ ಬೆಟ್ಟಸಾಲು ಸುಮಾರು 270 ಕೋಟಿ ವರ್ಷ ಹಳೆಯದು. ಗಣಿಗಾರಿಕೆಯ ಕೆಂಧೂಳು ಈ ಹಸಿರು ಕಣಿವೆಯನ್ನು ಸಾಕಷ್ಟು ಬಳಲಿಸಿದೆ ಎಂಬುದನ್ನೂ ಹೇಳಲೇಬೇಕು.

ಲಂಬಾಣಿಗರು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ಸುತ್ತುತ್ತಿದ್ದ ಜನ. ಸೈನ್ಯಗಳಿಗೆ ದವಸ ಒದಗಿಸುತ್ತ ದಕ್ಷಿಣಕ್ಕೆ ಬಂದರು. ರೈಲು ಬಂದ ಮೇಲೆ ಆ ವ್ಯಾಪಾರ ಕುಸಿಯಿತು. ಊರ ಹೊರಗೆ, ಅಡವಿಯ ಅಂಚಿನಲ್ಲಿ ತಾಂಡಾಗಳು ನೆಲೆ ನಿಂತವು. ನಾಯಕ, ಕಾರಭಾರಿಗಳ ಹಿರಿತನ, ಮನೆಮಾತಾದ ಗೋರಬೋಲಿ, ಸಂತ ಸೇವಾಲಾಲರ ಭಕ್ತಿ ಇವುಗಳ ಜೊತೆಗೆ ಹೆಂಗಸರ ಉಡುಪೂ ಸಮುದಾಯದ ಗುರುತಾಗಿ ಉಳಿಯಿತು. ನೆರಿಗೆಯ ಲಂಗ ಫೇಟಿಯಾ, ಬೆನ್ನಿಗೆ ದಾರದಿಂದ ಕಟ್ಟುವ ರವಿಕೆ ಕಾಂಚಳಿ, ತಲೆಯ ಮೇಲಿನ ಸೆರಗು ಟುಕ್ರಿ: ಮೂರರಲ್ಲೂ ಕನ್ನಡಿ, ಕವಡೆ, ಮಣಿ, ಹಳೆಯ ನಾಣ್ಯಗಳು ತುಂಬಿರುತ್ತವೆ.

ಕನ್ನಡಿ ಕೂರಿಸುವ ಬಗೆ ನೋಡುವಂಥದ್ದು. ಗಾಜಿನ ಬಿಲ್ಲೆಗೆ ತೂತಿಲ್ಲ, ಅಂಟೂ ಇಲ್ಲ. ಬಿಲ್ಲೆಯನ್ನು ಬಟ್ಟೆಯ ಮೇಲಿಟ್ಟು ಅದರ ಮೇಲೆ ಅಡ್ಡಡ್ಡ, ಉದ್ದುದ್ದ ನಾಲ್ಕಾರು ಎಳೆ ಹಾಯಿಸಿ ಚೌಕಟ್ಟು ಕಟ್ಟುತ್ತಾರೆ. ಆಮೇಲೆ ಸೂಜಿ ಆ ಎಳೆಗಳನ್ನು ಹಿಡಿದು, ಬಟ್ಟೆಗೆ ಇಳಿದು, ಕುಣಿಕೆಯಾಗಿ ಮೇಲೆ ಬರುತ್ತ ಬಿಲ್ಲೆಯ ಸುತ್ತ ಒಂದು ಸುತ್ತು ಹಾಕುತ್ತದೆ. ಕುಣಿಕೆ ಬಿಗಿದಂತೆ ಎಳೆಗಳು ಅಂಚಿಗೆ ಸರಿದು ನಡುವೆ ಗಾಜು ತೆರೆದುಕೊಳ್ಳುತ್ತದೆ. ಎಳೆತ ಸ್ವಲ್ಪ ಸಡಿಲವಾದರೂ ಬಿಲ್ಲೆ ಜಾರುತ್ತದೆ.

ಸಂಡೂರು ಕಸೂತಿಯಲ್ಲಿ ಹದಿನಾಲ್ಕು ಹೊಲಿಗೆಗಳಿವೆ: ಕಿಲನ್, ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ಕಾಂಸ್, ತೇರಾ ದೋರಾ, ಕೌದಿ, ರೇಲೋ, ಗದರಿ, ಭುರಿಯಾ, ಪೋಟೆ, ಜೊಲ್ಯಾ, ನಾಕ್ರಾ. ಧಾರವಾಡದ ಕಸೂತಿ ಎಳೆ ಎಣಿಸಿ, ಗಂಟಿಲ್ಲದೆ, ಗೋಪುರ–ತೇರುಗಳನ್ನು ಮೂಡಿಸುವ ಸಂಯಮದ ಕಲೆ. ಲಂಬಾಣಿ ಕಸೂತಿ ಅದಕ್ಕೆ ವಿರುದ್ಧ ಸ್ವಭಾವದ್ದು; ಕೆಂಪು, ನೀಲಿ, ಹಳದಿಗಳು ಒಂದನ್ನೊಂದು ಮೀರಿಸುವಂತೆ ನಿಲ್ಲುತ್ತವೆ.

ಸಂಡೂರು ಕುಶಲ ಕಲಾ ಕೇಂದ್ರ 1980ರ ದಶಕದಲ್ಲಿ ಘೋರ್ಪಡೆ ಕುಟುಂಬದ ಆಸಕ್ತಿಯಿಂದ ಹುಟ್ಟಿತು. ಮೈಮೇಲಿನ ಉಡುಪಿಗೆ ಸೀಮಿತವಾಗಿದ್ದ ಕಲೆ ಇಲ್ಲಿ ಚೀಲ, ದಿಂಬಿನ ಹೊದಿಕೆ, ಕುರ್ತಾಗಳಿಗೆ ಹಬ್ಬಿತು. ಈ ಕೆಲಸದ ಬೆಲೆ ಅರಿಯಲು ತಾಂಡಾಗಳ ಬೇಸಿಗೆಯನ್ನು ನೋಡಬೇಕು. ಮಳೆ ಕೈಕೊಟ್ಟರೆ ಈ ಭಾಗದ ಕುಟುಂಬಗಳು ಮಂಡ್ಯದ ಕಬ್ಬಿಗೆ, ಮಲೆನಾಡಿನ ಕಾಫಿ ತೋಟಕ್ಕೆ ಗುಳೆ ಹೋಗುತ್ತವೆ. ಮಕ್ಕಳ ಶಾಲೆ ಅರ್ಧಕ್ಕೇ ನಿಲ್ಲುತ್ತದೆ. ಮನೆಯಲ್ಲೇ ಕೂತು ಮಾಡಬಹುದಾದ, ಕೂಲಿ ಸಿಗುವ ಕೆಲಸವೆಂದರೆ ಇಂಥ ಮನೆಗಳಿಗೆ ದೊಡ್ಡ ಆಧಾರ. ಹಡಗಲಿ, ಹರಪನಹಳ್ಳಿಯ ತಾಂಡಾಗಳಿಗೂ ಇಂಥದೊಂದು ಕೇಂದ್ರ ಬೇಕಾಗಿತ್ತು.

ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ–20 ಸಂಸ್ಕೃತಿ ಸಭೆಯ ವೇಳೆ ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಉಡುಪೇ ಸಮುದಾಯದ ಗುರುತಾದ ಇಂಥದ್ದೇ ಕಥೆ ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲೂ ಇದೆ. ಅಟಿಟ್ಲಾನ್ ಸರೋವರದ ದಡದಲ್ಲಿ, ಜ್ವಾಲಾಮುಖಿಗಳ ಬುಡದಲ್ಲಿರುವ ಸ್ಯಾಂಟಿಯಾಗೊ ಅಟಿಟ್ಲಾನ್‌ನಂಥ ಊರುಗಳಲ್ಲಿ ಮಾಯಾ ಹೆಂಗಸರು ಸೊಂಟಕ್ಕೆ ಕಟ್ಟಿದ ಮಗ್ಗದಲ್ಲಿ ‘ವಿಪಿಲ್’ ಎಂಬ ರವಿಕೆ ನೇಯುತ್ತಾರೆ. ನೇಯ್ಗೆ ನೋಡಿಯೇ ಊರು ಹೇಳಬಹುದು. ಆ ವಿನ್ಯಾಸಗಳನ್ನು ಕಂಪನಿಗಳು ನಕಲು ಮಾಡತೊಡಗಿದಾಗ ಸಾಮೂಹಿಕ ಹಕ್ಕು ಕೇಳಿ ನೇಕಾರ್ತಿಯರು 2016ರಲ್ಲಿ ತಮ್ಮ ದೇಶದ ಸಾಂವಿಧಾನಿಕ ನ್ಯಾಯಾಲಯದ ಮೆಟ್ಟಿಲೇರಿದರು. ಸಂಡೂರಿನ ಕಸೂತಿಗೆ ಭೌಗೋಳಿಕ ಸೂಚಕದಿಂದ ಕಾನೂನಿನ ರಕ್ಷಣೆ ಆಗಲೇ ಇದೆ. ಆದರೆ ಕಾಗದದ ಮಾನ್ಯತೆ ಹೊಟ್ಟೆ ತುಂಬಿಸದು. ಕೊಳ್ಳುವವರು ಅಸಲಿಯನ್ನು ಕೇಳಿ ಪಡೆದರೆ ಮಾತ್ರ ಅದಕ್ಕೆ ಅರ್ಥ.

ಹೊಸಪೇಟೆಯಿಂದ ಸಂಡೂರಿಗೆ ಸುಮಾರು 30 ಕಿಲೋಮೀಟರ್. ಹಂಪಿಗೆ ಬಂದವರು ಅರ್ಧ ದಿನ ಇತ್ತ ಕೊಡಬಹುದು. ಕೊಳ್ಳುವ ಮುನ್ನ ಬಟ್ಟೆಯನ್ನು ತಿರುಗಿಸಿ ಹಿಂಬದಿ ನೋಡಿ. ಯಂತ್ರದ ಕೆಲಸವಾದರೆ ಸಾಮಾನ್ಯವಾಗಿ ಅಲ್ಲಿ ಒಂದೇ ಬಣ್ಣದ ದಾರ ಓಡಿರುತ್ತದೆ, ಕನ್ನಡಿ ಬಹುಪಾಲು ಅಂಟಿಸಿದ ಪ್ಲಾಸ್ಟಿಕ್. ಕೈಕೆಲಸಕ್ಕೆ ಬೆಲೆ ಹೆಚ್ಚು. ಚೌಕಾಸಿ ಮಾಡದೆ ಕೊಡಿ.