ಲೈಬ್ರರಿ ಹೊಸದು, ಕರ್ನಲ್ ಹಳೆಯದು

ಲಿನಕ್ಸ್‌ನಲ್ಲಿ ಕಡತಗಳ ಪಟ್ಟಿ ತೋರಿಸುವ ‘ಎಲ್‌ಎಸ್’ಗಿಂತ ಸರಳವಾದ ಕಮಾಂಡ್ ಹುಡುಕುವುದು ಕಷ್ಟ. ಅದೂ ಓಡದೆ, ‘ಫೇಟಲ್: ಕರ್ನಲ್ ಟೂ ಓಲ್ಡ್’ ಎಂಬ ಒಂದೇ ಸಾಲು ತೆರೆಯ ಮೇಲೆ ಮೂಡಿದರೆ ಸರ್ವರ್ ನೋಡಿಕೊಳ್ಳುವವರ ಎದೆ ಧಸಕ್ಕೆನ್ನುತ್ತದೆ.

ಲಿನಕ್ಸ್‌ನ ಬಹುತೇಕ ಪ್ರೋಗ್ರಾಂಗಳು ವ್ಯವಸ್ಥೆಯ ತಿರುಳಾದ ಕರ್ನಲ್ ಜೊತೆ ವ್ಯವಹರಿಸುವುದು ಗ್ಲಿಬ್‌ಸಿ ಎಂಬ ಮೂಲ ಲೈಬ್ರರಿಯ ಮೂಲಕ. 2017ರ ಆಗಸ್ಟ್‌ನಲ್ಲಿ ಬಂದ ಅದರ 2.26ನೇ ಆವೃತ್ತಿ, ಕರ್ನಲ್ 3.2ಕ್ಕಿಂತ ಹಳೆಯದಾಗಿದ್ದರೆ ಕೆಲಸ ಮಾಡುವುದಿಲ್ಲ. ಆಗಿನ್ನೂ ವ್ಯಾಪಕ ಬಳಕೆಯಲ್ಲಿದ್ದ ಸೆಂಟ್‌ಓಎಸ್ 6ರ ಕರ್ನಲ್ 2.6.32. ಅದರ ಮೇಲೆ ಹೊಸ ಗ್ಲಿಬ್‌ಸಿ ಕೂತರೆ ಒಂದೆರಡು ಪ್ರೋಗ್ರಾಂ ಅಲ್ಲ, ಅದನ್ನು ನೆಚ್ಚಿದ ಎಲ್ಲವೂ ಒಟ್ಟಿಗೇ ನಿಲ್ಲುತ್ತವೆ.

ಹಳೆಯ ಪ್ರೋಗ್ರಾಂಗಳನ್ನು ಹೊಸ ಕರ್ನಲ್ ಕೆಡಿಸಬಾರದು ಎಂಬುದು ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಬಿಗಿಯಾಗಿ ಕಾಪಾಡಿಕೊಂಡು ಬಂದ ನಿಯಮ. ಆದರೆ ಹೊಸ ಪ್ರೋಗ್ರಾಂ ಹಳೆಯ ಕರ್ನಲ್ ಮೇಲೂ ಓಡಬೇಕು ಎಂದು ಯಾರೂ ಮಾತು ಕೊಟ್ಟಿಲ್ಲ.

ಕಂಟೇನರ್‌ಗಳು ಬಂದ ಮೇಲೆ ಈ ವ್ಯತ್ಯಾಸ ಮರೆತೇಹೋಯಿತು. ಬೇಕಾದ ಲೈಬ್ರರಿಗಳೆಲ್ಲ ಕಂಟೇನರ್ ಒಳಗೇ ಇವೆ, ಎಲ್ಲಿ ಬೇಕಾದರೂ ಓಡುತ್ತದೆ ಎಂಬ ನಂಬಿಕೆ ಬೆಳೆಯಿತು. ಕರ್ನಲ್ ಮಾತ್ರ ಅದರೊಳಗೆ ಇರುವುದಿಲ್ಲ. ಅದು ಆತಿಥೇಯ ಯಂತ್ರದ್ದು.

2021ರ ಪ್ರಕರಣವನ್ನೇ ನೋಡಿ. ಆ ವರ್ಷದ ಗ್ಲಿಬ್‌ಸಿ 2.34, ಥ್ರೆಡ್ ಸೃಷ್ಟಿಸಲು ‘ಕ್ಲೋನ್3’ ಎಂಬ ಸಿಸ್ಟಂ ಕಾಲ್ ಬಳಸತೊಡಗಿತು. ಇದು ಕರ್ನಲ್ 5.3ರಲ್ಲಿ ಸೇರಿದ್ದು. ಹಳೆಯ ಕರ್ನಲ್ ‘ಇಂಥದ್ದು ನನ್ನಲ್ಲಿಲ್ಲ’ ಎಂದರೆ ಗ್ಲಿಬ್‌ಸಿ ಹಳೆಯ ದಾರಿಗೆ ಮರಳುತ್ತದೆ. ಆದರೆ ಕಂಟೇನರ್ ಓಡಿಸುವ ಡಾಕರ್‌ನ ಅಂದಿನ ಭದ್ರತಾ ಜರಡಿ ತನಗೆ ಗೊತ್ತಿಲ್ಲದ ಈ ಕರೆಗೆ ‘ಅನುಮತಿಯಿಲ್ಲ’ ಎಂದು ಉತ್ತರಿಸುತ್ತಿತ್ತು. ಕಚೇರಿಯಲ್ಲಿ ಗುಮಾಸ್ತ ‘ಆ ಫಾರಂ ಇಲ್ಲಿ ಸಿಗಲ್ಲ’ ಎಂದರೆ ಬೇರೆ ಕೌಂಟರ್‌ಗೆ ಹೋಗುತ್ತೇವೆ. ‘ನಿಮಗೆ ಕೊಡುವಂತಿಲ್ಲ’ ಎಂದರೆ ಮರಳುತ್ತೇವೆ. ಗ್ಲಿಬ್‌ಸಿಯೂ ಅಲ್ಲಿಗೇ ಕೈಬಿಟ್ಟಿತು. ಉಬುಂಟು 21.10, ಫೆಡೋರಾ 35 ಕಂಟೇನರ್‌ಗಳಲ್ಲಿ ಥ್ರೆಡ್‌ಗಳೇ ಹುಟ್ಟಲಿಲ್ಲ. ಡಾಕರ್ 20.10.10ರಲ್ಲಿ ಆ ಉತ್ತರವನ್ನು ತಿದ್ದಿದ ಮೇಲಷ್ಟೇ ದಾರಿ ತೆರೆಯಿತು.

ಕ್ಯೂಟಿ 5 ಲೈಬ್ರರಿಯ ತೊಂದರೆ ಇನ್ನೂ ಗೊಂದಲದ್ದು. ಕರ್ನಲ್ 3.17 ಆದರೂ ಬೇಕು ಎಂಬ ಗುರುತು ಅದರ ಕಡತದೊಳಗೇ ಇರುತ್ತದೆ. 3.10 ಕರ್ನಲ್‌ನ ಸೆಂಟ್‌ಓಎಸ್ 7 ಯಂತ್ರದಲ್ಲಿ ಉಬುಂಟು 20.04 ಕಂಟೇನರ್ ಒಳಗೆ ಅದನ್ನು ಬಳಸುವ ಪ್ರೋಗ್ರಾಂ ಓಡಿಸಿದರೆ ಬರುವ ದೂರು: ಕಡತ ಸಿಗುತ್ತಿಲ್ಲ! ಕಡತವೋ ಕಣ್ಣೆದುರೇ ಇದೆ. ‘ಸ್ಟ್ರಿಪ್’ ಕಮಾಂಡ್‌ನಿಂದ ಆ ಗುರುತನ್ನು ಅಳಿಸಿದರೆ ಅದೇ ಲೈಬ್ರರಿ ಎಷ್ಟೋ ಕಡೆ ಸಲೀಸಾಗಿ ಓಡುತ್ತದೆ. ಅಂದರೆ ಅಡ್ಡಿಯಾಗಿದ್ದು ಆ ಸಂಖ್ಯೆಯೊಂದೇ.

ಸಂಖ್ಯೆಯನ್ನು ನೆಚ್ಚುವುದೇ ತಪ್ಪು. ಸೆಂಟ್‌ಓಎಸ್‌ಗೆ ಮೂಲವಾದ ರೆಡ್ ಹ್ಯಾಟ್ ತನ್ನ ಹಳೆಯ ಕರ್ನಲ್‌ಗಳಿಗೆ ಹೊಸ ಸೌಲಭ್ಯಗಳನ್ನು ತಂದು ಸೇರಿಸುತ್ತಲೇ ಇರುತ್ತದೆ, 3.10 ಎಂಬ ಹೆಸರಿನ ಹಿಂದೆ ಏನೇನಿದೆ ಎಂದು ಆವೃತ್ತಿ ಹೇಳುವುದಿಲ್ಲ. ಲೈಬ್ರರಿ ಬರೆಯುವವರು ಸೌಲಭ್ಯವನ್ನು ಕೇಳಿ ನೋಡಬೇಕು, ಇಲ್ಲವೆಂದರೆ ಹಳೆಯ ದಾರಿ ಹಿಡಿಯಬೇಕು, ಎರಡೂ ಆಗದಿದ್ದರೆ ನಿಜವಾದ ಕಾರಣವನ್ನು ತಿಳಿಸಬೇಕು.

ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿದೆ. ಇನ್ನೂ ಅದನ್ನೇ ಓಡಿಸುತ್ತಿರುವವರು ಹೊಸ ಕಂಟೇನರ್ ಇಳಿಸಿಕೊಳ್ಳುವ ಮೊದಲು ಆತಿಥೇಯ ಯಂತ್ರದಲ್ಲಿ ‘ಯುನೇಮ್ -ಆರ್’ ಕೊಟ್ಟು ಕರ್ನಲ್ ನೋಡಿಕೊಳ್ಳಿ, ಅದನ್ನು ಬದಲಿಸಲು ದಿನವನ್ನೂ ಗೊತ್ತುಮಾಡಿ.