ಚರ್ಮದಲ್ಲಿ ಎಳೆಯ ಲಿಂಫೋಸೈಟುಗಳು

ಮಗುವಿನ ನೆತ್ತಿಯ ಮೇಲೊಂದು ಕೆಂಪು ಗಂಟು. ನೋವಿಲ್ಲ, ಮುಲಾಮು ಹಚ್ಚಿದರೂ ಕರಗದೆ ಬೆಳೆಯುತ್ತದೆ. ಅಪರೂಪಕ್ಕೆ ಇದು ಲಿಂಫೋಬ್ಲಾಸ್ಟಿಕ್ ಲಿಂಫೋಮಾ ಎಂಬ ಕ್ಯಾನ್ಸರಿನ ಮೊದಲ ಸೂಚನೆಯಾಗಿರಬಹುದು.

ಲಿಂಫೋಸೈಟುಗಳು ಬಿಳಿ ರಕ್ತಕಣಗಳ ಒಂದು ಬಗೆ. ಬಿ ಕೋಶಗಳು ಅಸ್ಥಿಮಜ್ಜೆಯಲ್ಲೂ ಟಿ ಕೋಶಗಳು ಥೈಮಸ್ ಗ್ರಂಥಿಯಲ್ಲೂ ರೂಪುಗೊಳ್ಳುತ್ತವೆ. ಬಲಿಯುವ ಮೊದಲೇ ಕೋಶವೊಂದು ಹತೋಟಿ ಮೀರಿ ವಿಭಜಿಸತೊಡಗಿದರೆ ಈ ರೋಗ ಬರುತ್ತದೆ. ಹೆಚ್ಚಾಗಿ ಕಾಣುವ ಟಿ ಬಗೆಯು ಸಾಮಾನ್ಯವಾಗಿ ಎದೆಗೂಡಿನೊಳಗೆ ಗಡ್ಡೆಯಾಗುತ್ತದೆ. ಚರ್ಮದಲ್ಲಿ ತಲೆದೋರುವುದು ಬಹುಮಟ್ಟಿಗೆ ಬಿ ಬಗೆ.

ಇದನ್ನು ಗುರುತಿಸುವುದು ಹೇಗೆ? ಗಂಟಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಚರ್ಮದ ತುಂಬ ಸಣ್ಣ, ದುಂಡನೆಯ ಕೋಶಗಳು. ಯೂಯಿಂಗ್ ಸಾರ್ಕೋಮಾ ಎಂಬ ಬೇರೊಂದು ಕ್ಯಾನ್ಸರಿನ ಕೋಶಗಳೂ ಹೀಗೆಯೇ ಇರುತ್ತವೆ. ಸಿಡಿ99 ಎಂಬ ಪ್ರೋಟೀನು ಎರಡರಲ್ಲೂ ಕಾಣಬಹುದು. ಎಡವುವುದು ಇಲ್ಲಿಯೇ. ಆಗ ನೆರವಿಗೆ ಬರುವುದು ಟಿಡಿಟಿ ಎಂಬ ಕಿಣ್ವ. ಪ್ರತಿಕಾಯದ ಜೀನ್ ತುಣುಕುಗಳು ಜೋಡಣೆಯಾಗುವಾಗ, ಯಾವ ಅಚ್ಚಿನ ಹಂಗೂ ಇಲ್ಲದೆ, ಸಂದುಗಳಿಗೆ ನ್ಯೂಕ್ಲಿಯೊಟೈಡುಗಳನ್ನು ಸೇರಿಸುವುದು ಇದರ ಕೆಲಸ. ಕೋಶ ಬಲಿತ ಮೇಲೆ ಇದು ಇರುವುದಿಲ್ಲ. ಟಿಡಿಟಿಯೊಂದಿಗೆ ಬಿ ಕೋಶದ ಗುರುತಾದ ಸಿಡಿ19 ಕೂಡ ಕಂಡರೆ, ಕೋಶ ಯಾವುದೆಂದು ತಿಳಿಯುತ್ತದೆ.

ಗಂಟನ್ನು ಕತ್ತರಿಸಿ ತೆಗೆದರೆ ಸಾಲದು. ಕಣ್ಣಿಗೆ ಕಾಣದ ಕೋಶಗಳು ಬೇರೆಡೆ ಇರಬಹುದು. ಆದ್ದರಿಂದ ಲ್ಯುಕೀಮಿಯಾಕ್ಕೆ ಕೊಡುವಂತೆಯೇ ಇಡೀ ದೇಹಕ್ಕೆ, ಸುಮಾರು 2 ವರ್ಷ, ಔಷಧ ಚಿಕಿತ್ಸೆ ಬೇಕು. ಸಕಾಲದಲ್ಲಿ ಸರಿಯಾಗಿ ಗುರುತಿಸಿದರೆ ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ.