ಕಂಠದಲ್ಲಿ ಕನ್ನಡ, ಕಣ್ಣಿನಲ್ಲಿ ಮರಾಠಿ: ಸಾಂಗ್ಲಿ–ಮಿರಜ ಪರಿಸರದ ಹಿರಿಯರ ಕಲಿಕೆ

ಸಾಂಗ್ಲಿ ಜಿಲ್ಲೆಯ ಕನ್ನಡ ಮನೆತನಗಳಲ್ಲಿ ಅರವತ್ತು ದಾಟಿದವರ ಸಾಕ್ಷರತೆಯನ್ನು ಕುರಿತು ಕೇಳಿದರೆ ಸರಳವಾದ ಉತ್ತರ ದೊರೆಯುವುದಿಲ್ಲ. ಜತ್ತ ತಾಲೂಕಿನಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮದ ಶಾಲೆಗಳಿರುವುದರಿಂದ ಅಲ್ಲಿ ಕನ್ನಡ ಓದಬಲ್ಲ ಹಿರಿಯರು ಸಿಗುತ್ತಾರೆ. ಮಿರಜ ಮತ್ತು ಸಾಂಗ್ಲಿ ನಗರಗಳ ಸ್ಥಿತಿ ಬೇರೆ. ಅಡುಗೆಮನೆಯಲ್ಲಿ, ಗುಡಿಯಲ್ಲಿ, ಭಜನೆಯಲ್ಲಿ ಕನ್ನಡವನ್ನೇ ಆಡುವವರೂ ಬ್ಯಾಂಕಿನ ಪುಸ್ತಕ, ಬಸ್ಸಿನ ಫಲಕ, ದಿನಪತ್ರಿಕೆಗಳನ್ನು ಮರಾಠಿಯಲ್ಲಿ ಓದುತ್ತಾರೆ. ಕನ್ನಡದ ಪುಟವನ್ನು ಮುಂದಿಟ್ಟರೆ ಕೈಚೆಲ್ಲುತ್ತಾರೆ. ಯಾವುದೇ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲವರನ್ನು ಜನಗಣತಿಯು ಸಾಕ್ಷರರೆಂದು ಎಣಿಸುತ್ತದೆ. ಆದುದರಿಂದ ಸ್ವಭಾಷೆಯಲ್ಲಿ ಇವರಿಗಿರುವ ನಿರಕ್ಷರತೆ ಯಾವ ಕೋಷ್ಟಕದಲ್ಲಿಯೂ ಕಾಣಿಸುವುದಿಲ್ಲ.

ಕಾಯಿದೆ ಮತ್ತು ಯೋಜನೆಗಳ ದೃಷ್ಟಿಯೂ ಇವರ ಮೇಲೆ ಬಿದ್ದಿಲ್ಲ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣವನ್ನು ಬಯಸುತ್ತದೆ. 1978ರಲ್ಲಿ ಆರಂಭವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ 15ರಿಂದ 35 ವರ್ಷದವರನ್ನು ಗುರಿಯಾಗಿಸಿತ್ತು. 2022ರಿಂದ ನಡೆದಿರುವ ನವಭಾರತ ಸಾಕ್ಷರತಾ ಕಾರ್ಯಕ್ರಮವು 15 ದಾಟಿದ ಎಲ್ಲ ನಿರಕ್ಷರರನ್ನು ಒಳಗೊಂಡಿದೆಯಾದರೂ ಮರಾಠಿ ಬಲ್ಲವರು ಅದರ ಹೊರಗೇ ಉಳಿಯುತ್ತಾರೆ. ತಮ್ಮ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಉಳಿಸಿಕೊಳ್ಳುವ ಹಕ್ಕನ್ನು ನೀಡುವ 29(1)ನೆಯ ವಿಧಿಗೆ ಮಾತ್ರ ವಯಸ್ಸಿನ ಮಿತಿಯಿಲ್ಲ. ಅಲ್ಲಿ ‘ಲಿಪಿ’ ಎಂಬ ಪದ ಪ್ರತ್ಯೇಕವಾಗಿಯೇ ಬಂದಿದೆ ಎಂಬುದು ನಮ್ಮ ಚರ್ಚೆಗೆ ಮುಖ್ಯ.

ಮಹಾರಾಷ್ಟ್ರದಲ್ಲಿ ಹಿರಿಯರ ಸಂಘಟನೆ ದುರ್ಬಲವಾಗಿಲ್ಲ. ಊರೂರಿಗೆ ಜ್ಯೇಷ್ಠ ನಾಗರಿಕ ಸಂಘಗಳಿವೆ. ಅವುಗಳ ರಾಜ್ಯಮಟ್ಟದ ಒಕ್ಕೂಟ ‘ಫೆಸ್ಕಾಮ್’ 1980ರಷ್ಟು ಹಳೆಯದು. ಹಿರಿಯರು ಸೇರುವ ಸ್ಥಳಕ್ಕೆ ಮರಾಠಿಯಲ್ಲಿ ‘ವಿರಂಗುಳಾ ಕೇಂದ್ರ’ ಎನ್ನುತ್ತಾರೆ. ವಿರಂಗುಳಾ ಎಂದರೆ ಬೇಸರ ಕಳೆಯುವ ವಿನೋದ. ಕನ್ನಡದ ಹಿರಿಯರನ್ನು ಅಲ್ಲಿ ಯಾರೂ ಹೊರಗಿಡುವುದಿಲ್ಲ. ಅವರೂ ಮರಾಠಿಯಲ್ಲಿ ಮಾತನಾಡಿ, ಹಾಡಿ, ವ್ಯಾಖ್ಯಾನ ಕೇಳಿ ಬರುತ್ತಾರೆ. ಆದರೆ ವಿನೋದದ ಚೌಕಟ್ಟಿನೊಳಗೆ ಅವರ ಕನ್ನಡಕ್ಕೆ ಮಾಡಲು ಕೆಲಸವೇ ಇರುವುದಿಲ್ಲ. ಮೊಮ್ಮಕ್ಕಳು ಮರಾಠಿ ಅಥವಾ ಇಂಗ್ಲಿಷ್ ಶಾಲೆಗೆ ಹೋಗುವ ಮನೆಯಲ್ಲಿ ಕನ್ನಡದ ಕೊನೆಯ ಸಮರ್ಥ ಮಾತುಗಾರರು ಇವರೇ ಆಗಿರುವಾಗ, ಅವರ ಕಲಿಕೆಯನ್ನು ಕಾಲಹರಣದ ಲೆಕ್ಕಕ್ಕೆ ಬರೆಯುವುದು ನನಗೆ ಸರಿಯೆನಿಸದು.

ವಯಸ್ಕರ ಶಿಕ್ಷಣದ ಚರಿತ್ರೆಯಲ್ಲಿ ಗಡಿಪ್ರದೇಶಕ್ಕೆ ವಿಶೇಷ ಸ್ಥಾನವಿದೆ. 1844ರಲ್ಲಿ ಮೊದಲ ಜಾನಪದ ಪ್ರೌಢಶಾಲೆ ತೆರೆದದ್ದು ಡ್ಯಾನಿಶ್ ಮತ್ತು ಜರ್ಮನ್ ಭಾಷೆಗಳು ಎದುರುಬದುರಾಗಿದ್ದ ಶ್ಲೆಸ್ವಿಗ್ ಸೀಮೆಯ ರೋಡಿಂಗ್ ಎಂಬ ಊರಿನಲ್ಲಿ. ರೈತ ಯುವಕರಿಗೆ ಅವರ ನುಡಿಯಲ್ಲಿಯೇ, ಪರೀಕ್ಷೆಯ ಹಂಗಿಲ್ಲದೆ ಕಲಿಸುವುದು ಅದರ ಉದ್ದೇಶವಾಗಿತ್ತು. ಮೈಸೂರು ಸಂಸ್ಥಾನದ ವಯಸ್ಕರ ಶಿಕ್ಷಣ ಸಮಿತಿಯು ಸ್ಥಾಪಿಸಿದ ವಿದ್ಯಾಪೀಠಗಳು ಇದೇ ಮಾದರಿಯನ್ನು ಅನುಸರಿಸಿದವು. ವೃದ್ಧರಿಗೆಂದೇ ವಿಶ್ವವಿದ್ಯಾಲಯದ ಬಾಗಿಲು ತೆರೆದದ್ದು ಬಹಳ ತಡವಾಗಿ, 1973ರಲ್ಲಿ, ಫ್ರಾನ್ಸಿನ ತುಲೂಸಿನಲ್ಲಿ.

ಹೊರಗಿನ ಮಾದರಿಗಳನ್ನು ಹುಡುಕುವ ಮುನ್ನ ಇಲ್ಲಿಯೇ ಇರುವುದನ್ನು ನೋಡಬೇಕು. ಜತ್ತ ತಾಲೂಕಿನ ಉಮದಿ ಇಂಚಗೇರಿ ಸಂಪ್ರದಾಯದ ಪ್ರವರ್ತಕರಾದ ಭಾವುಸಾಹೇಬ ಮಹಾರಾಜರ ಊರು. ಆ ಸಂಪ್ರದಾಯದ ನಿತ್ಯಕ್ರಮದಲ್ಲಿ ಮರಾಠಿಯ ‘ದಾಸಬೋಧ’ದ ಪಠಣವಿದೆ, ಭಜನೆಯಲ್ಲಿ ಕನ್ನಡ ಮತ್ತು ಮರಾಠಿ ಪದಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಅದೇ ತಾಲೂಕಿನ ಗುಡ್ಡಾಪುರದ ದಾನಮ್ಮದೇವಿಯ ಸನ್ನಿಧಿಗೆ ಕರ್ನಾಟಕದ ಭಕ್ತರು ನಡೆದು ಬರುತ್ತಾರೆ. ದಾರಿಯುದ್ದಕ್ಕೂ ಹಾಡು ಕನ್ನಡದ್ದು. ಶ್ರಾವಣದಲ್ಲಿ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ: ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ, ಕೇಳುವವರು ತಿಂಗಳುಗಟ್ಟಲೆ ಅದನ್ನೇ ಮೆಲುಕು ಹಾಕುತ್ತಾರೆ. ಪದ ಮರೆತವರಿಗೆ ಪಕ್ಕದವರು ಎತ್ತಿಕೊಡುತ್ತಾರೆ. ತಪ್ಪಿದವರನ್ನು ತಾಳವೇ ತಿದ್ದುತ್ತದೆ. ಸಮೂಹ, ಪುನರಾವರ್ತನೆ, ವ್ಯಾಖ್ಯಾನ ಮೂರೂ ಇರುವ ಈ ವ್ಯವಸ್ಥೆಯನ್ನು ನಾವು ಧಾರ್ಮಿಕ ಆಚರಣೆಯೆಂದು ಬದಿಗಿಟ್ಟು, ಹಾಜರಿಪುಸ್ತಕ ಇರುವುದನ್ನು ಮಾತ್ರ ಕಲಿಕೆಯೆನ್ನುತ್ತ ಬಂದಿದ್ದೇವೆ.

ಈ ವ್ಯವಸ್ಥೆಯಲ್ಲಿ ಇಲ್ಲದಿರುವುದು ಒಂದೇ, ಲಿಪಿ. ಮರಾಠಿ ಶಾಲೆಯಲ್ಲಿ ಓದಿದ ಭಜನಾಪ್ರಿಯರಲ್ಲಿ ಕನ್ನಡದ ಪದಗಳನ್ನು ದೇವನಾಗರಿಯಲ್ಲಿ ಬರೆದಿಟ್ಟುಕೊಳ್ಳುವವರಿದ್ದಾರೆ. ಆ ವಹಿಗಳು ಅಮೂಲ್ಯ, ಆದರೆ ಅವುಗಳಲ್ಲಿ ಒಂದು ತೊಡಕಿದೆ. ಕನ್ನಡದಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆಬೇರೆ ಸ್ವರಗಳು. ಮರಾಠಿಯ ದೇವನಾಗರಿಯಲ್ಲಿ ಈ ಹ್ರಸ್ವ–ದೀರ್ಘ ಭೇದಕ್ಕೆ ಚಿಹ್ನೆಯಿಲ್ಲ. ಹೊಲದ ‘ಬೆಳೆ’ಯೂ ಸಾರಿನ ‘ಬೇಳೆ’ಯೂ ಅಲ್ಲಿ ಒಂದೇ ರೂಪ ತಾಳುತ್ತವೆ, ‘ಕೊಡು’ ಎಂಬ ಬೇಡಿಕೆ ಎತ್ತಿನ ‘ಕೋಡು’ ಆಗಿಬಿಡುತ್ತದೆ. ಬರೆದವರ ಕಂಠದಲ್ಲಿ ಪದ ಜೀವಂತವಾಗಿರುವವರೆಗೆ ಇದರಿಂದ ಬಾಧಕವಿಲ್ಲ. ಅವರ ನಂತರ ಆ ವಹಿಯನ್ನು ತೆರೆಯುವ, ಮರಾಠಿ ಮಾತ್ರ ಬಲ್ಲ ಮೊಮ್ಮಗಳಿಗೆ ಯಾವುದು ಬೆಳೆ, ಯಾವುದು ಬೇಳೆ ಎಂದು ಹೇಳುವವರು ಯಾರೂ ಇರುವುದಿಲ್ಲ.

ಹಿರಿಯರ ಕನ್ನಡ ತರಗತಿ ಎಲ್ಲಿಂದ ಆರಂಭವಾಗಬೇಕೆಂಬುದನ್ನೂ ಇದೇ ವಹಿ ಸೂಚಿಸುತ್ತದೆ. ಮಕ್ಕಳ ಬಾಲಬೋಧೆಯನ್ನು ಇವರ ಕೈಗೆ ಕೊಡುವುದು ಅವಮಾನವೂ ಹೌದು, ಅನಗತ್ಯವೂ ಹೌದು. ಕ–ಖ–ಗ–ಘ ಎಂಬ ವರ್ಗಗಳ ಅನುಕ್ರಮ ಎರಡೂ ಲಿಪಿಗಳಿಗೆ ಸಮಾನ. ಕಾಗುಣಿತದ ತತ್ತ್ವವೂ ಒಂದೇ. ಳಕಾರವಂತೂ ಮರಾಠಿಯಲ್ಲಿಯೂ ಇದೆ. ಕಲಿಯಬೇಕಾದದ್ದು ಅಕ್ಷರಗಳ ಹೊಸ ಆಕಾರ, ಒತ್ತಕ್ಷರಗಳನ್ನು ಕೆಳಗೆ ಬರೆಯುವ ಕ್ರಮ, ಆ ಎರಡು ಹ್ರಸ್ವ ಸ್ವರಗಳು. ಬಾಯಿಪಾಠವಿರುವ ಪದವೊಂದನ್ನು ಎಡಪುಟದಲ್ಲಿ ದೇವನಾಗರಿಯಲ್ಲಿ, ಬಲಪುಟದಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ ಕೊಟ್ಟರೆ ಕಿವಿಯೇ ಕಣ್ಣಿಗೆ ದಾರಿ ತೋರಿಸುತ್ತದೆ. ಮುಂದಿನ ಸಾಲು ಏನೆಂದು ಮೊದಲೇ ಗೊತ್ತಿರುವವರಿಗೆ ಓದು ಊಹೆಯಿಂದ ಆರಂಭವಾಗಿ ಗುರುತಿಸುವಿಕೆಗೆ ಬಂದು ನಿಲ್ಲುತ್ತದೆ.

ಪಠ್ಯದ ಭಾಷೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ಈ ಸೀಮೆಯ ಕನ್ನಡದಲ್ಲಿ ಅಜ್ಜ ‘ಮುತ್ಯಾ’, ಅಜ್ಜಿ ‘ಆಯಿ’. ಮರಾಠಿಯಲ್ಲಿ ‘ಆಯಿ’ ಎಂದರೆ ತಾಯಿ. ಒಂದೇ ಮನೆಯಲ್ಲಿ ಒಂದೇ ಪದ ಎರಡು ತಲೆಮಾರುಗಳನ್ನು ಕರೆಯುತ್ತದೆ. ಇಂಥ ಪದಗಳನ್ನು ‘ತಪ್ಪು ಕನ್ನಡ’ವೆಂದು ತಿದ್ದುವ ಶಿಕ್ಷಕರ ಮುಂದೆ ಹಿರಿಯರು ಎರಡನೆಯ ದಿನ ಬರಲಾರರು. ಬೆಂಗಳೂರಿನ ಪುಸ್ತಕಗಳಿಗಿಂತ, ಪುಣೆಯ ಬಾಲಭಾರತಿ ಸಂಸ್ಥೆಯು ಮಹಾರಾಷ್ಟ್ರದ ಕನ್ನಡ ಶಾಲೆಗಳಿಗಾಗಿ ಪ್ರಕಟಿಸುವ ಪಠ್ಯಗಳು ಇವರ ಅನುಭವಕ್ಕೆ ಹತ್ತಿರವಾದಾವು. ಜತ್ತದ ಕನ್ನಡ ಶಾಲೆಗಳಿಂದ ನಿವೃತ್ತರಾದ ಶಿಕ್ಷಕರು ಎರಡೂ ಲಿಪಿ, ಎರಡೂ ನುಡಿ ಬಲ್ಲವರು; ಅವರೂ ಹಿರಿಯರೇ.

ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಈ ಅವಳಿ ನಗರಗಳಲ್ಲಿ ಕೊರತೆಯಿಲ್ಲ, ಅವುಗಳಲ್ಲಿ ಕನ್ನಡದ ಪಾಲು ಹೇಳದೆ ಉಳಿದಿದೆ, ಅಷ್ಟೆ. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು ಪ್ರದರ್ಶಿಸಿದ ‘ಸೀತಾ ಸ್ವಯಂವರ’ದಿಂದ ಮರಾಠಿ ರಂಗಭೂಮಿ ತನ್ನ ಚರಿತ್ರೆಯನ್ನು ಎಣಿಸುತ್ತದೆ; ಅದಕ್ಕೆ ಪ್ರೇರಣೆ ದೊರೆ ಚಿಂತಾಮಣರಾವ್ ಪಟವರ್ಧನರು ನೋಡಿ ಮೆಚ್ಚಿದ ಕರ್ನಾಟಕದ ಭಾಗವತ ಮೇಳದ ಆಟ. ಮಿರಜದ ನೀಲಕಂಠಬುವಾ ಅವರಲ್ಲಿ ಮಲ್ಲಿಕಾರ್ಜುನ ಮನಸೂರರು ಕಲಿತರು. ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿ, ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಧಾರವಾಡ ಸೀಮೆಗೆ ಕಿರಾಣಾ ಗಾಯನವನ್ನು ದಾಟಿಸಿದರು. ಉರುಸಿನ ಸಮಯದಲ್ಲಿ ಮಿರಜದ ದರ್ಗಾದಲ್ಲಿ ಅವರ ಸ್ಮರಣೆಯ ಸಂಗೀತಕ್ಕೆ ಇಂದಿಗೂ ಹಿರಿಯ ರಸಿಕರು ಸೇರುತ್ತಾರೆ. ಅಂಥ ಸಂದರ್ಭದಲ್ಲಿ ಒಂದು ಗಂಟೆಯ ಕನ್ನಡ ವ್ಯಾಖ್ಯಾನಕ್ಕೆ ಹೊಸ ಸಂಸ್ಥೆಯೇನೂ ಬೇಕಿಲ್ಲ.

ಭಾಷಾಧ್ಯಯನ ಕೇಂದ್ರಗಳ ಪಾಲಿಗೆ ಕೆಲಸ ಆ ವಹಿಗಳಿಂದ ತೊಡಗಬಹುದು. ಭಜನಾ ಮಂಡಳಿ ಸೇರುವ ಗುಡಿಯ ಪಡಸಾಲೆಯಲ್ಲಿಯೇ, ಭಜನೆಗೆ ಅರ್ಧ ತಾಸು ಮೊದಲು, ವಹಿಯ ಒಡೆಯರು ತಮ್ಮ ಪದವನ್ನು ತಾವೇ ಹಾಡಿ, ತಾವೇ ಕನ್ನಡ ಲಿಪಿಗೆ ಇಳಿಸಲಿ. ಎಕಾರ ಒಕಾರಗಳ ಹ್ರಸ್ವದೀರ್ಘವನ್ನು ಸಂಶೋಧಕರು ಅವರ ಕಂಠದಿಂದ ಕೇಳಿ ಗುರುತು ಹಾಕಿಕೊಳ್ಳಲಿ, ಧ್ವನಿಮುದ್ರಣವನ್ನೂ ಮಾಡಿಕೊಳ್ಳಲಿ. ಒಂದು ಪ್ರತಿ ಕೇಂದ್ರಕ್ಕೆ. ಮೂಲ ವಹಿ ಮನೆಯಲ್ಲಿಯೇ, ಮೊಮ್ಮಕ್ಕಳ ಕೈಗೆ ಸಿಗುವಂತೆ.